ಪುರಾಣ ಮಂಗಲ

1986ರ ಜೂನ್ ತಿಂಗಳು. ಎಂಟನೆಯ ತರಗತಿಗೆ ಹೆಸರು ಹಚ್ಚುವಾಗ ಸರ್ ರಿಜಿಸ್ಟರಿನಿಂದ ತಲೆ ಎತ್ತದೆ ಕೇಳಿದರು: ‘ತಂದಿ ಏನ್ ಮಾಡ್ತಾರೋ?’

‘ಗಂಜದಾಗ ಇರ್ತಾರ್ರಿ’ ಅಂದೆ.

ಇದು ಸುಳ್ಳಲ್ಲ. ಗಂಜ ಅಂದರೆ ನಮ್ಮೂರ ಕಾಳಿನ ಮಾರುಕಟ್ಟೆ. ಅವರು ‘ವ್ಯಾಪಾರ’ ಎಂದು ಬರೆದುಕೊಂಡರು. ನಾನು ನೋಡುತ್ತಲೇ ಇದ್ದೆ, ಅಲ್ರಿ ಎನ್ನಲಿಲ್ಲ. ಸುಳ್ಳು ಇರುವುದು ಅಲ್ಲಿ. ಹೀಗಾಗಿ ಗಂಜದಲ್ಲಿ 100 ಕಿಲೊ ತೊಗರಿ ಚೀಲ ಹೊರುತ್ತಿದ್ದ ನಮ್ಮಪ್ಪ ಶಾಲೆಯ ಲೆಕ್ಕದಲ್ಲಿ ಮೂರು ವರ್ಷ ವ್ಯಾಪಾರಸ್ಥನಾಗಿ ಉಳಿದ. ಮರುವರ್ಷ ಬಡ ಮಕ್ಕಳ ಶುಲ್ಕ ರಿಯಾಯಿತಿಗೆ ಅರ್ಜಿ ಬರೆಸುವಾಗ ಗುಮಾಸ್ತರು ರಿಜಿಸ್ಟರ್ ತೆಗೆದು ನೋಡಿ, ‘ನಿಮ್ಮದು ವ್ಯಾಪಾರಿ ಮನಿ ಅದ, ನಡಿ’ ಅಂದರು. ನಡೆದೆ.

ನಮ್ಮ ಮನೆ ಗಂಜದ ಹಿಂದಿನ ಓಣಿಯಲ್ಲಿತ್ತು. ನೆಲ ಶಹಾಬಾದ ಫರಸಿ, ಮೇಲೆಯೂ ಫರಸಿಯೇ. ಮೇ ತಿಂಗಳಲ್ಲಿ ಆ ಕಲ್ಲು ಹಗಲೆಲ್ಲ ಬಿಸಿಲು ಕುಡಿದು ರಾತ್ರಿಯೆಲ್ಲ ನಮ್ಮ ಮೇಲೆ ಕಾರುತ್ತಿತ್ತು. ಹೊರಗೆ ಕೌದಿ ಹಾಸಿಕೊಂಡು ಮಲಗುತ್ತಿದ್ದೆವು. ಅಪ್ಪ ಆಳಂದ ಕಡೆಯ ಹಳ್ಳಿಯವನು. 1972ರ ಬರಗಾಲದಲ್ಲಿ ಎತ್ತು ಮಾರಿ ಅವ್ವನನ್ನು ಕರೆದುಕೊಂಡು ಕಲಬುರಗಿಗೆ ಬಂದ. ಆಗ ಬೋರ್ಡಿನ ಮೇಲೆಲ್ಲ ಗುಲ್ಬರ್ಗಾ ಎಂದಿತ್ತು, ನಮ್ಮ ಬಾಯಲ್ಲಿ ಮಾತ್ರ ಮೊದಲಿನಿಂದಲೂ ಕಲಬುರ್ಗಿ. ಬೋರ್ಡು ನಮ್ಮ ಬಾಯಿಗೆ ಹೊಂದಿಕೊಂಡದ್ದು 2014ರಲ್ಲಿ. ಬಂದ ಮೊದಲ ದಿನಗಳಲ್ಲಿ ಕೆಲಸ ಸಿಗುವ ತನಕ ಇಬ್ಬರೂ ಉಂಡದ್ದು ಅಪ್ಪನ ಗುಡಿಯ ದಾಸೋಹದಲ್ಲಿ. ಹೊರಗಿನ ಓದುಗರಿಗೆ ಹೇಳಬೇಕೆಂದರೆ, ಶರಣಬಸವೇಶ್ವರರ ಗುಡಿಗೆ ನಮ್ಮೂರಲ್ಲಿ ಅಪ್ಪನ ಗುಡಿ ಅನ್ನುತ್ತಾರೆ, ಅದರ ಹತ್ತಿರದ ಕೆರೆ ಅಪ್ಪನ ಕೆರೆ. ಅರಳಗುಂಡಗಿಯಿಂದ ಬಂದು ಇಲ್ಲಿ ದಾಸೋಹ ನಡೆಸಿ 1822ರಲ್ಲಿ ಲಿಂಗೈಕ್ಯರಾದ ಶರಣರು ಅವರು. ‘ಅಪ್ಪ ಹಾಕಿದ್ದ ಅನ್ನ’ ಎಂದು ನಮ್ಮಪ್ಪ ಹೇಳಿದಾಗ ಸಣ್ಣವನಾದ ನನಗೆ ಯಾವ ಅಪ್ಪ ಎಂಬುದೇ ತಿಳಿಯುತ್ತಿರಲಿಲ್ಲ.

ಅವ್ವ ಬ್ಯಾಳಿ ಮಿಲ್ಲಿಗೆ ಹೋಗುತ್ತಿದ್ದಳು. ಬೇಳೆ ತಿನ್ನುವವರಿಗೆ ಅದರ ಕಷ್ಟ ಗೊತ್ತಿರುವುದಿಲ್ಲ. ತೊಗರಿಯನ್ನು ಹಸನು ಮಾಡಿ, ರೋಲರಿಗೆ ಕೊಟ್ಟು ಸಿಪ್ಪೆಗೆ ಗೀರು ಬೀಳಿಸಿ, ಎಣ್ಣೆ ಸವರಿ, ನೀರು ಚಿಮುಕಿಸಿ, ರಾತ್ರಿ ಗುಂಪಿ ಹಾಕಿ ಇಟ್ಟು, ಆಮೇಲೆ ಅಂಗಳದಲ್ಲಿ ದಿನಗಟ್ಟಲೆ ಒಣಹಾಕಬೇಕು. ಇಲ್ಲದಿದ್ದರೆ ಸಿಪ್ಪೆ ಬಿಡುವುದಿಲ್ಲ, ಬೇಳೆ ನುಚ್ಚಾಗುತ್ತದೆ. ಒಣಗಲು ಹಾಕಿದ್ದನ್ನು ತಿರುವುವುದು ಹೆಣ್ಣುಮಕ್ಕಳ ಕೆಲಸ. ಸುಡು ಬಿಸಿಲಿನಲ್ಲಿ ಬರಿಗಾಲಲ್ಲಿ ಕಾಳಿನೊಳಗೆ ಕಾಲೆಳೆಯುತ್ತ ಸಾಲು ತೆಗೆಯುತ್ತ ಹೋಗಬೇಕು. ಅವ್ವನ ಹಿಮ್ಮಡಿ ಒಡೆದು ಅದರೊಳಗೆ ಹೊಟ್ಟಿನ ಧೂಳು ಕೂತಿರುತ್ತಿತ್ತು. ಸಂಜೆ ಎಣ್ಣೆ ಹಚ್ಚಿ ಸೂಜಿಯಿಂದ ತೆಗೆಯುವುದು ನನ್ನ ಪಾಲಿನ ಕೆಲಸ. 2019ರಲ್ಲಿ ಗುಲ್ಬರ್ಗಾ ತೊಗರಿಬೇಳೆಗೆ ಜಿಐ, ಅಂದರೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕ ಸುದ್ದಿ ಪತ್ರಿಕೆಯಲ್ಲಿ ಓದಿದಾಗ ಎಲ್ಲರೂ ಮಣ್ಣಿನ ಗುಣ, ಸುಣ್ಣದ ಅಂಶ ಅಂತ ಹೇಳುತ್ತಿದ್ದರು. ನನ್ನ ಕಣ್ಣಿಗೆ ಆ ಹಿಮ್ಮಡಿ ಬಂತು. ಮಳೆಗಾಲದಲ್ಲಿ ಬಿಸಿಲಿಲ್ಲ, ಒಣಗುವುದಿಲ್ಲ, ಅವ್ವನಿಗೆ ಕೂಲಿ ಇಲ್ಲ. ಗಂಜದಲ್ಲಿಯೂ ಮಾಲು ಕಡಿಮೆ. ಹೊಟ್ಟೆಗೆ ಕಡಿಮೆಯಾದ ಅದೇ ಹೊತ್ತಿಗೆ ಶ್ರಾವಣ ಬರುತ್ತಿತ್ತು, ದೇವರು ಹೆಚ್ಚಾಗುತ್ತಿದ್ದ.

ಅಪ್ಪನ ದೇವರು ಗದ್ದಲದ ದೇವರಲ್ಲ. ಕತ್ತಲಿರುವಾಗಲೇ ಎದ್ದು ತಣ್ಣೀರು ಸುರುವಿಕೊಂಡು, ಹಣೆಗೆ, ತೋಳಿಗೆ, ಎದೆಗೆ ವಿಭೂತಿ ಎಳೆದು, ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಕೂತರೆ ಮನೆಯಲ್ಲಿ ಯಾರೂ ಪಾತ್ರೆ ಸಪ್ಪಳ ಮಾಡಬಾರದು. ಅದಾಗದೆ ಬಾಯಿಗೆ ನೀರು ಹಾಕುವಂತಿಲ್ಲ. ಶ್ರಾವಣ ಸೋಮವಾರ ಇಡೀ ದಿನ ಉಪವಾಸ, ಚೀಲ ಹೊರುವುದು ಮಾತ್ರ ತಪ್ಪಿದ್ದಲ್ಲ. ಅವ್ವ ಜಗಳ ತೆಗೆಯುತ್ತಿದ್ದಳು. ಅಪ್ಪನ ಉತ್ತರ ಒಂದೇ: ‘ಎತ್ತಿಗಿ ಸೋಮವಾರ ಸೂಟಿ ಅದ. ನಮಗ ಯಾವ ಬಸವಣ್ಣನೂ ಕೊಟ್ಟಿಲ್ಲ, ಏನ್ ಮಾಡ್ಲಿ?’ ಅವ್ವನ ಭಕ್ತಿ ಇಷ್ಟು ಕಟ್ಟುನಿಟ್ಟಿನದಲ್ಲ. ಅಪ್ಪನ ಗುಡಿಗೂ ಹೋಗುತ್ತಿದ್ದಳು, ನನಗೆ ಜ್ವರ ಬಂದರೆ ಬಂದೇನವಾಜರ ದರ್ಗಾಕ್ಕೂ ಸಕ್ಕರೆ ಒಯ್ಯುತ್ತಿದ್ದಳು. ಅಪ್ಪ ದರ್ಗಾಕ್ಕೆ ಬರುತ್ತಿರಲಿಲ್ಲ, ಆದರೆ ಆ ಸಕ್ಕರೆ ಬೇಡ ಎಂದವನೂ ಅಲ್ಲ.

ಮಠದ ಅಯ್ಯನೋರು ನನಗೆ ಸಣ್ಣಂದಿನಲ್ಲೇ ಲಿಂಗಧಾರಣೆ ಮಾಡಿಸಿದ್ದರು. ಉಳ್ಳವರ ಮನೆಯ ಹುಡುಗರ ಕೊರಳಲ್ಲಿ ಲಿಂಗ ಇಡುವ ಬೆಳ್ಳಿಯ ಕರಡಿಗೆ. ನನ್ನದು ಬಟ್ಟೆಯಲ್ಲಿ ಕಟ್ಟಿದ್ದು. ಬೆವರಿಗೆ ಮಾಸಿ ಶೇಂಗಾದ ಬಣ್ಣಕ್ಕೆ ತಿರುಗಿರುತ್ತಿತ್ತು. ಶನಿವಾರ ಬೆಳಗಿನ ಶಾಲೆಯಲ್ಲಿ ಡ್ರಿಲ್. ಬನಿಯನ್ ಮೇಲೆ ಕುಣಿಯುವಾಗ ಅದು ಹೊರಗೆ ಜಿಗಿಯುತ್ತಿತ್ತು, ಹುಡುಗರು ‘ಏ ಗಂಟ್ಯಾ’ ಎಂದು ಕರೆಯತೊಡಗಿದರು. ಒಂಬತ್ತನೆಯ ತರಗತಿಯ ಒಂದು ಶನಿವಾರ ಅದನ್ನು ಬಿಚ್ಚಿ ಗೋಡೆಯ ಗೂಟಕ್ಕೆ ತೂಗುಹಾಕಿ, ಮೇಲೆ ಅಂಗಿ ಮುಚ್ಚಿ ಶಾಲೆಗೆ ಬಂದೆ. ಎಂಥ ಹಗುರ! ಅವತ್ತು ಎಲ್ಲರಿಗಿಂತ ಎತ್ತರಕ್ಕೆ ಜಿಗಿದೆ.

ಮಧ್ಯಾಹ್ನ ಮನೆಗೆ ಬಂದಾಗ ಅಪ್ಪ ಉಣ್ಣಲು ಬಂದು ಕೂತಿದ್ದ. ಅಂಗಿ ಕೆಳಗೆ ಬಿದ್ದಿತ್ತು, ಗೂಟದಲ್ಲಿ ಲಿಂಗ ಕಾಣುತ್ತಿತ್ತು. ಅವ್ವ ರೊಟ್ಟಿ ಹಾಕಿ ಪುಂಡಿಪಲ್ಲೆ ಬಡಿಸಿದ್ದಳು.

‘ಮುಂಜಾನಿ ಉಂಡು ಹೋಗಿದ್ಯೇನೋ ತಮ್ಮಾ?’

‘ಹೂಂ ಎಪ್ಪಾ.’

‘ಅಂಗದ ಮ್ಯಾಲ ಲಿಂಗ ಇಲ್ದ ಉಂಡೀದಿ. ಇರ್ಲಿ ಬಿಡು, ನಿನ್ನ ಪಾಲಿಂದು ನಾ ಬಿಡ್ತೀನಿ.’

ರೊಟ್ಟಿ ಎತ್ತಿ ಬುಟ್ಟಿಗೆ ಹಾಕಿ, ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದ. ನಾನು ಹಿಂದೆಯೇ ಹೋದೆ. ಗಂಜದಲ್ಲಿ ಲಾರಿ ತುಂಬುತ್ತಿದ್ದರು. ನೆಲದಿಂದ ಲಾರಿಗೆ ಒಂದು ಹಲಗೆ. ಕೊಕ್ಕೆ ಹಾಕಿ ಇಬ್ಬರು ಚೀಲ ಎತ್ತಿ ಬೆನ್ನಿಗೆ ಕೊಡುತ್ತಾರೆ, ಹೊತ್ತವನು ಬಾಗಿ ಹಲಗೆ ಏರಬೇಕು. ಕೆಳಗೆ ಹಲಗೆ ಬಾಗುತ್ತದೆ. ಮೊದಲು ಸಣ್ಣ ಮೂರು ಹೆಜ್ಜೆ, ಹಲಗೆ ಮೇಲೆ ಒದೆಯುವಾಗ ದಡದಡ ನಾಲ್ಕು. ತಾಳ ತಪ್ಪಿದರೆ ಚೀಲದ ಜೊತೆ ಮನುಷ್ಯನೂ ಕೆಳಗೆ. ಬೆಳಿಗ್ಗೆ ಎಳೆದ ವಿಭೂತಿ ಬೆವರಿನಲ್ಲಿ ಕರಗಿ ಅಪ್ಪನ ತೋಳಿನ ಮೇಲೆ ಬಿಳಿ ಗೆರೆಯಾಗಿ ಇಳಿಯುತ್ತಿತ್ತು. ಹದಿನೇಳು ಚೀಲದವರೆಗೆ ಎಣಿಸಿ ಮನೆಗೆ ಓಡಿ, ಗೂಟದಿಂದ ತೆಗೆದು ಕೊರಳಿಗೆ ಹಾಕಿಕೊಂಡೆ.

ಅದು ಭಕ್ತಿಯೋ ನನಗೆ ಕೊಟ್ಟ ಶಿಕ್ಷೆಯೋ ಇಂದಿಗೂ ತೀರ್ಮಾನಿಸಲಾಗಿಲ್ಲ. ಹೊಡೆದಿದ್ದರೆ ಅಷ್ಟಕ್ಕೇ ಮುಗಿಯುತ್ತಿತ್ತು. ಈಗ ನನ್ನ ಕೊರಳಲ್ಲಿ ಲಿಂಗವಿಲ್ಲ. ಈ ಸಾಲನ್ನು ಬರೆಯಲೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಓಣಿಯ ಹಿರಿಯರು ಈ ಸಂಚಿಕೆ ಓದುತ್ತಾರೆ.

ಓದುವುದನ್ನು ನನಗೆ ಕಲಿಸಿದ್ದು ಮಾತ್ರ ಅಪ್ಪನ ದೇವರೇ. ಓಣಿಯ ಹಣಮಪ್ಪನ ಗುಡಿಯಲ್ಲಿ ಶ್ರಾವಣದ ತುಂಬ ರಾತ್ರಿ ಪುರಾಣ. ಒಬ್ಬ ಅಜ್ಜ ಪದ ಓದುತ್ತಿದ್ದರು, ಇನ್ನೊಬ್ಬರು ಅರ್ಥ ಹೇಳುತ್ತಿದ್ದರು. ನನಗೆ ಹತ್ತು ವರ್ಷವಿದ್ದಾಗ ಅಜ್ಜನಿಗೆ ಕೆಮ್ಮು ಹತ್ತಿ ಓದುವವರಿಲ್ಲದಾಯಿತು. ಅಕ್ಷರ ಬಾರದ ನಮ್ಮಪ್ಪ ಎದ್ದು ನಿಂತು, ‘ನಮ್ಮ ಹುಡುಗ ಓದ್ತಾನ್ರಿ’ ಅಂದುಬಿಟ್ಟ. ಪುಸ್ತಕದ ಅಂಚಿಗೆಲ್ಲ ಎಣ್ಣೆಯ ಕಲೆ, ಹಾಳೆ ಅಂಟಿಕೊಂಡಿದ್ದವು. ಮೊದಲ ದಿನ ತಡವರಿಸಿದೆ. ಅಜ್ಜ ಪಕ್ಕದಲ್ಲಿ ಕೂತು ತೊಡೆ ತಟ್ಟಿ ದಾರಿ ತೋರಿಸಿದರು. ನಾಲ್ಕೈದು ದಿನಕ್ಕೆ ರಾಗ ಹಿಡಿಯಿತು. ಅರ್ಥ ಗೊತ್ತಾಗದ ಪದಗಳೂ ರಾಗದ ಮೇಲೆ ಹತ್ತಿ ಸರಾಗವಾಗಿ ಹೋಗುತ್ತಿದ್ದವು. ಆ ಗುಡಿಯಲ್ಲಿ ಒಂದು ಕಟ್ಟಳೆ ಇತ್ತು: ಓದಿದ್ದನ್ನು ಅಳು, ಸಾವು, ಜಗಳದ ಕಡೆ ನಿಲ್ಲಿಸಬಾರದು. ಎಷ್ಟು ಹೊತ್ತಾದರೂ ಒಳ್ಳೆಯ ಮಾತು ಬರುವ ತನಕ ಓದಿ, ಮಂಗಳಾರತಿ ಹಾಡಿಯೇ ಏಳಬೇಕು. ಕೂತವರು ತೂಕಡಿಸುತ್ತಿದ್ದರು, ನಾನು ಒಳ್ಳೆಯ ಮಾತು ಹುಡುಕುತ್ತ ಹಾಳೆ ತಿರುವುತ್ತಿದ್ದೆ. ಪುರಾಣ ಮಂಗಲದ ದಿನ ಗೋಧಿ ಹುಗ್ಗಿ, ನನಗೆ ಒಂದು ಹಿಡಿ ಉತ್ತತ್ತಿ ಹೆಚ್ಚು.

ಈ ರಾಗ ಶಾಲೆಯಲ್ಲಿ ಮರ್ಯಾದೆ ತೆಗೆಯಿತು. ಕನ್ನಡ ಸರ್ ಪಾಠ ಓದಲು ಹೇಳಿದಾಗ ಗದ್ಯವನ್ನೂ ಪುರಾಣದಂತೆ ಎಳೆದು ಓದಿದೆ. ತರಗತಿ ಬಿದ್ದು ಬಿದ್ದು ನಕ್ಕಿತು. ‘ಇದು ಗದ್ಯ ಅದನೋ, ಇದಕ್ಕ ಆರತಿ ಬೇಕಾಗಿಲ್ಲ’ ಎಂದು ಸರ್ ಕೂಡ ನಕ್ಕರು. ಆಮೇಲೆ ತಿಂಗಳುಗಟ್ಟಲೆ ನಾನು ಬಾಯಿ ಬಿಡಲಿಲ್ಲ.

ಹತ್ತನೆಯ ತರಗತಿಯಲ್ಲಿ ಛಂದಸ್ಸು ಬಂತು. ಭಾಮಿನಿ ಷಟ್ಪದಿ: ಒಂದು, ಎರಡು, ನಾಲ್ಕು, ಐದನೆಯ ಸಾಲಿಗೆ 14 ಮಾತ್ರೆ, ಮೂರು ಮತ್ತು ಆರನೆಯ ಸಾಲಿಗೆ 23. ಮೂರು ನಾಲ್ಕು, ಮೂರು ನಾಲ್ಕು. ಸರ್ ಕಪ್ಪು ಹಲಗೆಯ ಮೇಲೆ ಲಘು ಗುರು ಹಾಕುತ್ತಿದ್ದಂತೆ ನನ್ನ ಕೈ ತನ್ನಷ್ಟಕ್ಕೆ ಬೆಂಚಿನ ಮೇಲೆ ತಟ್ಟತೊಡಗಿತು. ಪ್ರಸ್ತಾರ ಹಾಕಲು ಬಾರದಿದ್ದರೂ ಎಲ್ಲಿ ಸಾಲು ಒಡೆಯುತ್ತದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲವನಾಗಿದ್ದೆ. ಲಾರಿಯ ಹಲಗೆಯ ಮೇಲಿನ ಆ ಮೂರು, ಆ ನಾಲ್ಕು ಹೆಜ್ಜೆ ಆಗಲೇ ಹೊಳೆದದ್ದೋ, ಇಷ್ಟು ವರ್ಷದ ಮೇಲೆ ನಾನೇ ಹೊಂದಿಸಿಕೊಂಡದ್ದೋ, ಆಣೆ ಮಾಡಿ ಹೇಳಲಾರೆ. ಸರ್ ಮಾತ್ರ ಅಂದು, ‘ಈಗ ಓದು ನಿನ್ನ ರಾಗದಾಗ’ ಅಂದರು. ಓದಿದೆ. ಯಾರೂ ನಗಲಿಲ್ಲ. ಒಬ್ಬ ನಕ್ಕ, ಅವನಿಗೆ ಬೆಂಚಿನ ಮೇಲೆ ನಿಲ್ಲುವ ಯೋಗ ಬಂತು.

ಅದೇ ವರ್ಷ, 1989ರಲ್ಲಿ, ನಾನು ಅಪ್ಪನ ಮೇಲೆ ಸಿಟ್ಟಾದದ್ದೂ ಉಂಟು. ಹೋಳಿ ಹುಣ್ಣಿಮೆಯಾದ ಐದನೆಯ ದಿನ ಅಪ್ಪನ ಜಾತ್ರೆ. ತೇರಿನ ಮೇಲೆ ನಿಂತು ಪೀಠಾಧಿಪತಿಗಳು ಪರುಷ ಬಟ್ಟಲು ತೋರಿಸುತ್ತಾರೆ, ಜನ ತೇರಿಗೆ ಉತ್ತತ್ತಿ, ಬಾಳೆಹಣ್ಣು ಎಸೆಯುತ್ತಾರೆ. ಜಾತ್ರೆಗೆ ಮುಂಚೆ ನಮ್ಮಪ್ಪ ಪ್ರತಿ ವರ್ಷ ಒಂದು ಚೀಲ ಜೋಳ ದಾಸೋಹಕ್ಕೆ ಹೊತ್ತು ಹಾಕಿ ಬರುತ್ತಿದ್ದ. ಪರೀಕ್ಷೆ ತಲೆಯ ಮೇಲಿತ್ತು, ನನ್ನ ಬಳಿ ಕಂಪಾಸ್ ಪೆಟ್ಟಿಗೆ ಇರಲಿಲ್ಲ, ಕಿರಾಣಿ ಅಂಗಡಿಯ ಉದ್ರಿ ಬೆಳೆದಿತ್ತು. ‘ದೇವರಿಗಿ ಚೀಲ ಜ್ವಾಳ ಅದ, ನನಗ ಕಂಪಾಸ್ ಇಲ್ಲೇನು?’ ಎಂದೆ. ಅಪ್ಪ ಚೀಲದ ಬಾಯಿ ಹೊಲಿಯುತ್ತಿದ್ದ. ‘ದೇವರಿಗಲ್ಲೋ ಹುಚ್ಚಾ. ಬರದಾಗ ಉಂಡಿದ್ದು ಉದ್ರಿ. ಅದ ಮೊದಲಿಂದು, ಕಿರಾಣಿದು ಆಮ್ಯಾಲಿಂದು’ ಅಂದ. ನನಗೆ ಅದು ಸರಿ ಅನ್ನಿಸಲಿಲ್ಲ, ಪೂರ್ತಿ ಸರಿ ಅಂತ ಈಗಲೂ ಅನ್ನಿಸುವುದಿಲ್ಲ. ಕಂಪಾಸನ್ನು ಪಕ್ಕದ ಮನೆಯ ಟೇಲರ್ ಚಾಚಾ ತಮ್ಮ ಮಗನದು ಕೊಟ್ಟರು. ಅದರ ಡಿವೈಡರಿಗೆ ಒಂದೇ ಮುಳ್ಳಿತ್ತು.

ಇನ್ನು ಗ್ಯಾದರಿಂಗಿನ, ಅಂದರೆ ಶಾಲೆಯ ವಾರ್ಷಿಕ ಸಮಾರಂಭದ ಸಂಗತಿ. ಅದು ಆ ಜಾತ್ರೆಗೂ ಮುಂಚೆ, ಜನವರಿಯಲ್ಲಿ ನಡೆದದ್ದು. ತೊಗರಿ ಸುಗ್ಗಿ, ಅಪ್ಪನಿಗೆ ಉಸಿರಾಡಲು ಹೊತ್ತಿಲ್ಲದ ಕಾಲ. ಕನ್ನಡ ಸರ್ ವೇದಿಕೆಯ ಮೇಲೆ ನನ್ನಿಂದ ಷಟ್ಪದಿ ಓದಿಸಿದರು: ಕೃಷ್ಣ ಕರ್ಣನನ್ನು ಪಕ್ಕಕ್ಕೆ ಕರೆದು ಹುಟ್ಟಿನ ಗುಟ್ಟು ಹೇಳುವ ಭಾಗ, ಕರ್ಣ ಕಣ್ಣೀರು ತುಂಬಿಕೊಳ್ಳುವವರೆಗೆ. ಓದುವಾಗ ನೋಡಿದರೆ ಹಿಂದೆ ಬೇವಿನ ಗಿಡದ ಕೆಳಗೆ ಅಪ್ಪ. ಗಂಜದಿಂದ ನೇರ ಬಂದಿದ್ದ. ತಲೆಯ ಮೇಲೆ ಧೂಳು, ಹೆಗಲ ಮೇಲೆ ಟವೆಲ್, ಸೊಂಟದಲ್ಲಿ ಕೊಕ್ಕೆ. ಬಲಗೈ ತೊಡೆ ತಟ್ಟುತ್ತಿತ್ತು.

ಬಹುಮಾನ ಕೊಡಲು ಬಂದ ಅತಿಥಿಗಳು ಪೆನ್ನು ಕೊಡುತ್ತ, ‘ಯಾರ ಮಗ ಇಂವ?’ ಎಂದು ಕೇಳಿದರು. ಒಬ್ಬ ಮಾಸ್ತರರು ರಿಜಿಸ್ಟರಿನ ನೆನಪಿನಿಂದ, ‘ಇವರ ತಂದೀದು ಗಂಜದಾಗ ವ್ಯಾಪಾರ ಅದ್ರಿ’ ಅಂದರು. ‘ಹೌದಾ? ಯಾವ ಅಂಗಡಿನೋ?’

ಮೈಕು ಚಾಲೂ ಇತ್ತು. ಅಪ್ಪ ಯಾವ ಅಡತಿ ಅಂಗಡಿಯ ಚೀಲ ಹೊರುತ್ತಿದ್ದನೋ ಅದರ ಹೆಸರು ಹೇಳಿದೆ.

ಮನೆಗೆ ಹೋಗುವಾಗ ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಗಂಜದ ಗೇಟು ದಾಟಿದ ಮೇಲೆ ನಿಧಾನಕ್ಕೆ ಅಂದ: ‘ನಿನ್ನ ಅಂಗಡಿದಾಗ ಈ ವರ್ಷ ಹಮಾಲಿ ಭಾಳ ಕಮ್ಮಿ ಕೊಡ್ಲಾಕತ್ತಾರ. ಜರಾ ಹೆಚ್ಚಿಗಿ ಮಾಡ್ಸಪ್ಪ, ಸಾವ್ಕಾರ.’

ನಾನು ಅತ್ತೆನೋ ನಕ್ಕೆನೋ ನೆನಪಿಲ್ಲ. ಅಪ್ಪ ನಕ್ಕ, ಅದು ನೆನಪಿದೆ.

ಮನೆ ಮುಟ್ಟಿದ ಮೇಲೆ ಕೈಕಾಲು ತೊಳೆದು ಬಂದು ಕೂತ. ‘ಮುಂದಿಂದು ಯಾಕ ಬಿಟ್ಟಿ? ಅಂವ ಅಳ್ಲಾಕತ್ತಾಗ ಎದ್ದು ಬಂದೀದಿ.’

‘ಪಾಠ ಅಷ್ಟೇ ಅದ ಎಪ್ಪಾ. ಪರೀಕ್ಷಕ್ಕ ಅಷ್ಟೇ ಇರ್ತದ.’

‘ಅದು ಸಾಲ್ಯಾಗ. ತಾ ಆ ಪುಸ್ತಕ.’

ಕನ್ನಡ ಪಠ್ಯಪುಸ್ತಕವನ್ನು ಮಣೆಯ ಮೇಲೆ ಇಟ್ಟ. ಅವ್ವ ತಟ್ಟೆಯಲ್ಲಿ ಕರ್ಪೂರ ಹಚ್ಚಿದಳು. ಮೂವರೂ ನಿಂತು ಮಂಗಳಾರತಿ ಹಾಡಿದೆವು. ಕಾಯಿ ಇರಲಿಲ್ಲ, ಅವ್ವ ಡಬ್ಬಿಯಿಂದ ಒಂದು ಚಿಟಿಕೆ ಸಕ್ಕರೆ ತೆಗೆದು ಪುಸ್ತಕಕ್ಕೆ ತೋರಿಸಿ ನಮ್ಮ ಕೈಗೆ ಹಾಕಿದಳು.