ಅಲೋಹಾ ಮರುನಿರ್ಮಾಣ: ಶೇ 11ರ ಗಂಟು ಬಿಚ್ಚಿತು

ಹವಾಯಿಯ ಹಳೆಯ ರೇಡಿಯೋ ಜಾಲ ಅಲೋಹಾವನ್ನು ಮನೆಯಲ್ಲಿ ಮರುನಿರ್ಮಿಸುತ್ತಿದ್ದೇನೆ. ಚಾನೆಲ್‌ನ ಸಮಯದಲ್ಲಿ ಡಿಕ್ಕಿಯಿಲ್ಲದೆ ತಲುಪಿದ ಸಂದೇಶಗಳ ಪಾಲು ಕೊನೆಗೂ ಶೇ 17! ಮೂರು ವಾರಗಳಿಂದ ಶೇ 11 ದಾಟಲು ಒಪ್ಪದ ಅಂಕಿ ನಿನ್ನೆ ರಾತ್ರಿ ಮೇಲೆದ್ದಿತು. ಸಂತೋಷಕ್ಕೆ ನಿದ್ದೆಯೇ ಬರಲಿಲ್ಲ.

ಆರು ನೋಡ್‌ಗಳ (ರೇಡಿಯೋ ಜೋಡಿಸಿದ ಪುಟ್ಟ ಬೋರ್ಡ್‌ಗಳ) ಬೆಸುಗೆ, ಪ್ಯಾಕೆಟ್‌ನ (ಒಂದು ತುಣುಕು ಸಂದೇಶದ) ರಚನೆ, ದೋಷ ತಪಾಸಣೆಯ ವಿವರಕ್ಕೆ ಹೋಗುವುದಿಲ್ಲ. ಒಂದು ದೂರು ಮಾತ್ರ ಹೇಳಲೇಬೇಕು. 433 ಮೆಗಾಹರ್ಟ್ಸ್ ರಿಸೀವರ್ ಕೇಳಿದರೆ ಮಾರಾಟಗಾರರು 315ರದ್ದನ್ನು ಕಳುಹಿಸಿದರು, ಅದೂ 433 ಎಂಬ ಚೀಟಿ ಅಂಟಿಸಿ. ಎರಡು ಭಾನುವಾರ ಆಂಟೆನಾ ತಂತಿ ಕತ್ತರಿಸುವುದರಲ್ಲೇ ಕಳೆದವು.

ನಾರ್ಮನ್ ಏಬ್ರಮ್ಸನ್ ಅವರ ಮೇಲಿನ ಪ್ರೀತಿಯೇ ನನ್ನನ್ನು ಇಲ್ಲಿಗೆ ತಂದದ್ದು. 1958ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಪಿಎಚ್‌.ಡಿ. ಮುಗಿಸಿ ಮಾಹಿತಿ ಸಿದ್ಧಾಂತ ಕಲಿಸುತ್ತಿದ್ದ ಈ ಮೇಷ್ಟ್ರು ಕಡಲಲೆಗಳ ಸವಾರಿಗೆ ಮನಸೋತು ಹವಾಯಿ ವಿಶ್ವವಿದ್ಯಾಲಯಕ್ಕೆ ಹೋದರು. ದ್ವೀಪಗಳಲ್ಲಿ ಚದುರಿದ ಬಳಕೆದಾರರನ್ನು ಹೊನೊಲುಲುವಿನ ಕಂಪ್ಯೂಟರಿಗೆ ರೇಡಿಯೋ ಮೂಲಕ ಜೋಡಿಸುವ ಅವರ ಅಲೋಹಾ ಜಾಲ 1971ರ ಜೂನ್‌ನಲ್ಲಿ ಕೆಲಸ ಆರಂಭಿಸಿತು. ಎಲ್ಲ ಟರ್ಮಿನಲ್‌ಗಳಿಗೂ ಒಂದೇ ಚಾನೆಲ್, ಸರದಿಯಿಲ್ಲ, ಅನುಮತಿಯಿಲ್ಲ. ಸಂದೇಶ ಬಂದಾಗ ಕಳುಹಿಸು, ಸ್ವೀಕೃತಿ (‘ತಲುಪಿತು’ ಎಂಬ ಮರುಸಂದೇಶ) ಬಾರದಿದ್ದರೆ ಯಾದೃಚ್ಛಿಕ ಸಮಯ ಕಾದು ಮತ್ತೆ ಕಳುಹಿಸು. ಎರಡು ಸಂದೇಶಗಳ ಡಿಕ್ಕಿಯನ್ನು ತಡೆಯುವುದಕ್ಕಲ್ಲ, ಅದರಿಂದ ಚೇತರಿಸಿಕೊಳ್ಳುವುದಕ್ಕೆ ಹಾಕಿದ ಲೆಕ್ಕ ಅದು. ಚಾನೆಲ್‌ನ ಸಮಯದಲ್ಲಿ ಹೀಗೆ ಸಾರ್ಥಕವಾಗುವುದು ಗರಿಷ್ಠ ಶೇ 18.4.

ಸ್ವೀಕೃತಿಗೆ ಅವರು ಬೇರೆಯೇ ಆವರ್ತನ ಇಟ್ಟಿದ್ದರು: ಹೋಗುವುದು 407.350, ಬರುವುದು 413.475 ಮೆಗಾಹರ್ಟ್ಸ್. ನಾನು ಸ್ವೀಕೃತಿಗೆ ತಂತಿ ಎಳೆದೆ. ಕೇಂದ್ರದ ಪೆಟ್ಟಿಗೆಗೆ ಅವರಿಟ್ಟ ಹೆಸರನ್ನೇ ಇಟ್ಟಿದ್ದೇನೆ: ಮೆನೆಹೂನೆ. ಹವಾಯಿಯ ಕಥೆಗಳಲ್ಲಿ ಬರುವ ಪುಟ್ಟ ಜನ. ಇಂಟರ್ನೆಟ್ಟಿನ ಪೂರ್ವಜ ಅರ್ಪಾನೆಟ್‌ನಲ್ಲಿ ಸಂದೇಶ ರವಾನಿಸುವ ಯಂತ್ರವನ್ನು ಇಂಪ್, ಅಂದರೆ ಮರಿಭೂತ, ಎಂದು ಕರೆಯುತ್ತಿದ್ದುದಕ್ಕೆ ದ್ವೀಪದವರ ಉತ್ತರ!

ಈಗ ಗಂಟಿಗೆ ಬರುತ್ತೇನೆ. ಆಂಟೆನಾ ಬದಲಿಸಿದೆ, ವೋಲ್ಟೇಜ್ ಅಳೆದೆ, ನೋಡ್‌ಗಳನ್ನು ಮಹಡಿಗೂ ಅಡುಗೆಮನೆಗೂ ಹೊತ್ತೆ. ಅಂಕಿ ಅಲುಗಲಿಲ್ಲ. ಕೊನೆಗೆ ಪ್ರತಿ ನೋಡ್‌ನ ಸೀರಿಯಲ್ ದಾಖಲೆಯನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ಎದೆ ಝಲ್ಲೆಂದಿತು. ಎರಡನೆಯ ನೋಡ್ ಕಾದದ್ದು 340, 1120, 75 ಮಿಲಿಸೆಕೆಂಡ್. ಐದನೆಯದೂ 340, 1120, 75! ತೇಲುವ, ಅಂದರೆ ಯಾವುದಕ್ಕೂ ಜೋಡಿಸದ, ಅನಲಾಗ್ ಪಿನ್ ಓದಿ ಯಾದೃಚ್ಛಿಕ ಸಂಖ್ಯೆಗಳಿಗೆ ಬೀಜ ಬಿತ್ತಿದ್ದೆ; ಬೀಜ ಒಂದೇ ಆದರೆ ಸಂಖ್ಯೆಗಳ ಸಾಲೂ ಒಂದೇ. ಎರಡು ಬೋರ್ಡ್‌ಗಳ ಪಿನ್ ಒಂದೇ ಮೌಲ್ಯ ಕೊಟ್ಟಿತ್ತು, ವಿದ್ಯುತ್ತೂ ಒಂದೇ ಸ್ವಿಚ್ಚಿನಿಂದ. ಅವಳಿಗಳಂತೆ ಒಂದೇ ಕ್ಷಣ ಬಾಯಿ ತೆರೆದು, ಒಂದೇ ಕ್ಷಣ ಸುಮ್ಮನಾಗಿ, ಪರಸ್ಪರರ ಪ್ರತಿ ಪ್ಯಾಕೆಟ್ಟನ್ನೂ ಕೊಲ್ಲುತ್ತಿದ್ದವು. ಆರರಲ್ಲಿ ನಾಲ್ಕೇ ನೋಡ್ ದುಡಿಯುತ್ತಿದ್ದವು. ಶೇ 17ರ ಮೂರನೇ ಎರಡು ಭಾಗ ಶೇ 11 ಅಲ್ಲವೇ!

ಶೇ 18.4 ಕೊಡುವ ಏಬ್ರಮ್ಸನ್ ಅವರ ಸಮೀಕರಣ, ಕಳುಹಿಸುವವರು ಪರಸ್ಪರ ಸ್ವತಂತ್ರರು ಎಂದು ನಂಬಿ ನಿಂತಿದೆ. ಬೇರೆ ಬೇರೆ ದ್ವೀಪಗಳಲ್ಲಿ ಕುಳಿತು ಟೈಪ್ ಮಾಡುವವರಲ್ಲಿ ಆ ಸ್ವಾತಂತ್ರ್ಯ ತಾನಾಗಿ ಇರುತ್ತದೆ. ಮೇಜಿನ ಮೇಲೆ ಅದನ್ನು ನಾವೇ ಕಟ್ಟಬೇಕು. ಈಗ ಚಿಪ್‌ನೊಳಗಿನ ವಾಚ್‌ಡಾಗ್ ಗಡಿಯಾರಕ್ಕೂ ಬೋರ್ಡ್‌ನ ಮುಖ್ಯ ಗಡಿಯಾರವಾದ ಕ್ರಿಸ್ಟಲ್‌ಗೂ ಇರುವ ಏರುಪೇರನ್ನು ನೋಡ್ ಸಂಖ್ಯೆಯೊಂದಿಗೆ ಬೆರೆಸಿ ಬೀಜ ಮಾಡಿದ್ದೇನೆ.

ಮುಂದೆ, ಅರ್ಪಾನೆಟ್ ಕಟ್ಟಿಸಿದ ಲ್ಯಾರಿ ರಾಬರ್ಟ್ಸ್ 1972ರಲ್ಲಿ ಸೂಚಿಸಿದ ಕಾಲಖಂಡದ ಅಲೋಹಾ. ಸಮಯವನ್ನು ಸಮ ಖಂಡಗಳಾಗಿ ಕತ್ತರಿಸಿ, ಖಂಡದ ಆರಂಭದಲ್ಲಷ್ಟೇ ಕಳುಹಿಸಿದರೆ ಮಿತಿ ಇಮ್ಮಡಿ, ಶೇ 36.8. ಆರೂ ಗಡಿಯಾರಗಳನ್ನು ಹೊಂದಿಸಲು ಮೆನೆಹೂನೆಯಿಂದ ಆಗಲೇ ಇನ್ನೊಂದು ತಂತಿ ಎಳೆದಾಗಿದೆ.