ಭೂಕಂಪವಾದ ಕೂಡಲೇ ವೈದ್ಯರೆಲ್ಲ ಅಲ್ಲಿಗೆ ಹೊರಡಬೇಕಲ್ಲವೇ?

ಎಲ್ಲಾದರೂ ದೊಡ್ಡ ಭೂಕಂಪವಾದ ಸುದ್ದಿ ಬಂದರೆ ಸಾಕು, ಕಿರಿಯ ವೈದ್ಯರು, ವೈದ್ಯಕೀಯ ವಿದ್ಯಾರ್ಥಿಗಳು, ಕೆಲವೊಮ್ಮೆ ಸೇವಾ ಸಂಸ್ಥೆಗಳನ್ನು ನಡೆಸುವ ಹಿರಿಯರು ಕೂಡ ನನಗೆ ಒಂದೇ ಪ್ರಶ್ನೆ ಕೇಳುತ್ತಾರೆ. "ಸರ್, ಅಲ್ಲಿ ಸಾವಿರಾರು ಜನ ಗಾಯಗೊಂಡು ಬಿದ್ದಿದ್ದಾರೆ. ನಾವು ನಾಲ್ಕೈದು ಮಂದಿ ಔಷಧಿ ಕಟ್ಟಿಕೊಂಡು ಇವತ್ತೇ ಹೊರಟರೆ ತಪ್ಪೇನು? ನೋಂದಣಿ, ಅನುಮತಿ, ಸಮನ್ವಯ ಸಭೆ ಎಂದು ದಿನ ಕಳೆಯುವಷ್ಟರಲ್ಲಿ ಜೀವ ಉಳಿಯುತ್ತದೆಯೇ?" ಕೇಳುವವರ ಮನಸ್ಸು ಒಳ್ಳೆಯದು, ಅದರಲ್ಲಿ ಅನುಮಾನವಿಲ್ಲ. ಆದರೆ ರೋಗಿಗೂ ಸಮನ್ವಯಕ್ಕೂ ಸಂಬಂಧವಿಲ್ಲ, ಅದು ಕಡತದ ಕೆಲಸ ಎಂಬ ಗ್ರಹಿಕೆ ಈ ಪ್ರಶ್ನೆಯೊಳಗೆ ಅಡಗಿದೆ. ಯಾವ ಗಾಯಾಳು ಯಾವ ಆಸ್ಪತ್ರೆಗೆ, ಎಷ್ಟು ಹೊತ್ತಿನೊಳಗೆ ತಲುಪಬೇಕು ಎಂದು ತೀರ್ಮಾನಿಸುವುದು ಚಿಕಿತ್ಸೆಯ ಮೊದಲ ಹಂತವೇ ಎಂಬುದು ನನ್ನ ಉತ್ತರ. ಅದನ್ನು ವಿವರಿಸಲು ನಾನು ಸಾಮಾನ್ಯವಾಗಿ ನೇಪಾಳದ 2015ರ ಭೂಕಂಪವನ್ನು ಮುಂದಿಡುತ್ತೇನೆ.

2015ರ ಏಪ್ರಿಲ್ 25, ಶನಿವಾರ, ಸ್ಥಳೀಯ ಸಮಯ ಮಧ್ಯಾಹ್ನಕ್ಕೆ ಇನ್ನು ನಾಲ್ಕು ನಿಮಿಷವಿದ್ದಾಗ ಗೋರ್ಖಾ ಜಿಲ್ಲೆಯ ಬಾರ್ಪಾಕ್ ಸಮೀಪ 7.8 ತೀವ್ರತೆಯ ಭೂಕಂಪವಾಯಿತು. ನೇಪಾಳದಲ್ಲಿ ಶನಿವಾರ ವಾರದ ರಜೆ; ಶಾಲೆಗಳು ಖಾಲಿಯಿದ್ದವು. ಸಾವಿರಾರು ತರಗತಿ ಕೊಠಡಿಗಳು ಕುಸಿದದ್ದನ್ನು ನೋಡಿದರೆ ಆ ಒಂದು ರಜೆ ಎಷ್ಟು ಮಕ್ಕಳನ್ನು ಉಳಿಸಿತು ಎಂಬುದು ಊಹೆಗೆ ನಿಲುಕುತ್ತದೆ. ಹಾಗಿದ್ದೂ ಸುಮಾರು 9,000 ಜನ ತೀರಿಕೊಂಡರು, 22,000ಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಅದೇ ಹೊತ್ತಿಗೆ ಗಾಯಾಳುಗಳನ್ನು ನೋಡಬೇಕಾದ ವ್ಯವಸ್ಥೆಯೇ ನೆಲಕಚ್ಚಿತ್ತು: ಸರ್ಕಾರದ 446 ಆರೋಗ್ಯ ಕೇಂದ್ರಗಳು ಪೂರ್ತಿ ನಾಶವಾಗಿದ್ದವು ಎಂದು ಆಮೇಲಿನ ಅಧಿಕೃತ ಸಮೀಕ್ಷೆ ಲೆಕ್ಕ ಹಾಕಿತು. ಅವುಗಳಲ್ಲಿ ಬಹುಪಾಲು ಹಳ್ಳಿಗಳ ಪುಟ್ಟ ಆರೋಗ್ಯ ಚೌಕಿಗಳು, ಎಂದರೆ ಗಾಯಕ್ಕೆ ಮೊದಲ ಪಟ್ಟಿ ಕಟ್ಟಬೇಕಾಗಿದ್ದ ಜಾಗಗಳು.

ಮೊದಲ ಒಂದೆರಡು ದಿನ ಜೀವ ಉಳಿಸುವವರು ಯಾರು ಎಂಬುದನ್ನು ಇಲ್ಲಿ ಗಮನಿಸಬೇಕು. ಅವಶೇಷಗಳಡಿಯಿಂದ ಜನರನ್ನು ಎಳೆದು ತೆಗೆಯುವವರು ಹೆಚ್ಚಿನಂಶ ಅಕ್ಕಪಕ್ಕದ ಮನೆಯವರು. ಚಿಕಿತ್ಸೆ ಕೊಡುವವರು ಆ ಊರಿನಲ್ಲೇ ಇರುವ ವೈದ್ಯರು, ದಾದಿಯರು. ಹೊರದೇಶದ ತಂಡ ಎಷ್ಟೇ ಚುರುಕಾಗಿದ್ದರೂ ವಿಮಾನವಿಳಿದು, ಸಾಮಾನು ಬಿಡಿಸಿಕೊಂಡು, ಡೇರೆ ಹೊಡೆದು, ಶಸ್ತ್ರಚಿಕಿತ್ಸೆಯ ಮೇಜು ಸಿದ್ಧಪಡಿಸುವ ಹೊತ್ತಿಗೆ ತೀವ್ರ ಗಾಯಗಳ ಮೊದಲ ಅಲೆ ಮುಗಿಯುತ್ತ ಬಂದಿರುತ್ತದೆ. ಕಾಠ್ಮಂಡುವಿನಲ್ಲಿ ಆ ಭಾರ ಹೊತ್ತವು ಬೀರ್ ಆಸ್ಪತ್ರೆ, ಮಹಾರಾಜಗಂಜ್‌ನ ತ್ರಿಭುವನ್ ವಿಶ್ವವಿದ್ಯಾಲಯದ ಬೋಧನಾ ಆಸ್ಪತ್ರೆ, ಪಾಟನ್ ಆಸ್ಪತ್ರೆ ಮುಂತಾದವು. ನೆಲ ಮತ್ತೆ ಮತ್ತೆ ನಡುಗುತ್ತಿದ್ದುದರಿಂದ ರೋಗಿಗಳು ಕಟ್ಟಡದೊಳಗೆ ಮಲಗಲು ಒಪ್ಪುತ್ತಿರಲಿಲ್ಲ. ಹಾಸಿಗೆಗಳು ಅಂಗಳಕ್ಕೆ ಬಂದವು, ಡ್ರಿಪ್ ಬಾಟಲಿಗಳು ಬಯಲಿನಲ್ಲಿ ತೂಗಿದವು.

ಆದರೂ ಅಲ್ಲಿನ ದೊಡ್ಡ ಆಸ್ಪತ್ರೆಗಳು ನಿಂತಿದ್ದವು ಎಂಬುದು ಸಣ್ಣ ಮಾತಲ್ಲ. ನಮ್ಮ ಗುಜರಾತಿನ ಭುಜ್‌ನಲ್ಲಿ ಹಾಗಾಗಲಿಲ್ಲ. 2001ರ ಜನವರಿ 26ರ ಬೆಳಿಗ್ಗೆ 8.46ಕ್ಕೆ ಭೂಮಿ ನಡುಗಿದಾಗ ಜಿಲ್ಲಾ ಆಸ್ಪತ್ರೆಯೇ ರೋಗಿಗಳ ಸಮೇತ ಕುಸಿಯಿತು. ಜುಬಿಲಿ ಮೈದಾನವೇ ಆಸ್ಪತ್ರೆಯಾಯಿತು, ಗಾಯಾಳುಗಳನ್ನು ವಾಯುಪಡೆಯ ವಿಮಾನಗಳಲ್ಲಿ ಬೇರೆ ನಗರಗಳಿಗೆ ಸಾಗಿಸಬೇಕಾಯಿತು. ಮುಂದೆ ಅಲ್ಲಿ ಕಟ್ಟಿದ ಹೊಸ ಆಸ್ಪತ್ರೆಯನ್ನು ಸೀಸ ಮತ್ತು ರಬ್ಬರಿನ ಆಧಾರಗಳ ಮೇಲೆ ಕೂರಿಸಲಾಗಿದೆ. ನೆಲ ಅಲುಗಿದರೂ ಆ ಅಲುಗಾಟ ಕಟ್ಟಡಕ್ಕೆ ಪೂರ್ತಿ ಏರುವುದಿಲ್ಲ. ಕಾಠ್ಮಂಡು ಕಣಿವೆಯಲ್ಲಿ ಇದಕ್ಕಿಂತ ಅಗ್ಗದ ಸಿದ್ಧತೆ ಮೊದಲೇ ನಡೆದಿತ್ತು. ಆಕ್ಸಿಜನ್ ಸಿಲಿಂಡರು, ಬೀರು, ಜನರೇಟರುಗಳನ್ನು ಗೋಡೆಗೋ ನೆಲಕ್ಕೋ ಬಿಗಿಯುವುದು, ತುರ್ತು ಔಷಧಿಗಳನ್ನು ಮುಂಚಿತವಾಗಿ ದಾಸ್ತಾನು ಮಾಡುವುದು, ದುರಂತವಾದಾಗ ಸುತ್ತಲಿನ ಸಣ್ಣ ಆಸ್ಪತ್ರೆಗಳಿಗೆ ಯಾವುದು ಕೇಂದ್ರ ಎಂದು ಮೊದಲೇ ಗೊತ್ತುಮಾಡುವುದು, ಇಂಥವು. ಹೀಗೆ ಬಿಗಿದಿದ್ದ ಸಿಲಿಂಡರಿನ ಫೋಟೋ ಯಾವ ಪತ್ರಿಕೆಯಲ್ಲೂ ಬರುವುದಿಲ್ಲ, ಬಿಡಿ.

ಇನ್ನು ಸಮನ್ವಯ ಕೇಂದ್ರದ ವಿಷಯ. ನೇಪಾಳದ ಆರೋಗ್ಯ ಸಚಿವಾಲಯದಲ್ಲಿ ತುರ್ತು ಆರೋಗ್ಯ ಕಾರ್ಯಾಚರಣೆ ಕೇಂದ್ರವೊಂದು ಭೂಕಂಪಕ್ಕೆ ಮುಂಚೆಯೇ ಇತ್ತು. ಇಂಥ ಕೇಂದ್ರಕ್ಕೆ ಪ್ರತಿ ಆಸ್ಪತ್ರೆಯಿಂದ ದಿನಕ್ಕೆ ಹಲವು ಸಲ ಬರಬೇಕಾದ ಮಾಹಿತಿ ತೀರ ಸಾಧಾರಣದ್ದು: ಖಾಲಿ ಹಾಸಿಗೆ ಎಷ್ಟು, ಶಸ್ತ್ರಚಿಕಿತ್ಸಾ ಕೊಠಡಿ ಎಷ್ಟು ಗಂಟೆ ನಡೆಯುತ್ತಿದೆ, ಅರಿವಳಿಕೆ ತಜ್ಞರು ಎಷ್ಟು ಜನ ಎಚ್ಚರವಾಗಿದ್ದಾರೆ, ಆಕ್ಸಿಜನ್ ಎಷ್ಟು ಹೊತ್ತಿಗೆ ಸಾಕು, ಜನರೇಟರಿಗೆ ಡೀಸೆಲ್ ಇದೆಯೇ, ಎಕ್ಸ್‌ರೇ ಯಂತ್ರ ಓಡುತ್ತಿದೆಯೇ, ಯಾವ ಗುಂಪಿನ ರಕ್ತ ಮುಗಿದಿದೆ. ಇಷ್ಟು ತಿಳಿಯದೆ ಹೆಲಿಕಾಪ್ಟರಿನಲ್ಲಿ ಸಿಂಧುಪಾಲ್‌ಚೋಕ್ ಎಂಬ ಬೆಟ್ಟದ ಜಿಲ್ಲೆಯಿಂದ ಬಂದ ಹತ್ತು ಮಂದಿಯನ್ನು ಹತ್ತಿರದ ಹೆಸರಾಂತ ಆಸ್ಪತ್ರೆಗೆ ಕಳಿಸಿದರೆ, ಅಲ್ಲಿ ಮೂವರು ಸಾಲಿನಲ್ಲಿ ಕಾಯುತ್ತಲೇ ಸಾಯಬಹುದು. ಅದೇ ಹೊತ್ತಿನಲ್ಲಿ ಮೂರು ಕಿಲೋಮೀಟರ್ ಆಚೆಯ ಖಾಸಗಿ ಆಸ್ಪತ್ರೆಯ ಶಸ್ತ್ರಚಿಕಿತ್ಸಾ ಮೇಜು ಖಾಲಿ ಇರಬಹುದು. ಗಾಯಾಳುಗಳಿಗೆ ಚಿಕಿತ್ಸೆ ಉಚಿತ ಎಂದು ಸರ್ಕಾರ ಘೋಷಿಸಿದ್ದರಿಂದ ಖಾಸಗಿ ಆಸ್ಪತ್ರೆಗಳಿಗೆ ರೋಗಿಗಳನ್ನು ಕಳಿಸುವಾಗ ಹಣದ ಮಾತು ಅಡ್ಡ ಬರುವುದು ತಪ್ಪಿತು. ಅದು ಕೂಡ ಸಮನ್ವಯದ ಭಾಗವೇ.

ಕಾಲ ಮತ್ತು ಜಾಗದ ಲೆಕ್ಕ ದೇಹದೊಳಗೆ ಹೇಗೆ ಜೀವನ್ಮರಣದ ಪ್ರಶ್ನೆಯಾಗುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ತೊಡೆಯ ಮೇಲೆ ಕಾಂಕ್ರೀಟಿನ ತೊಲೆ ಬಿದ್ದು ಎಂಟು ಗಂಟೆ ಸಿಕ್ಕಿಕೊಂಡಿರುವ ಮನುಷ್ಯ ಮಾತಾಡುತ್ತಿರುತ್ತಾನೆ, ನೀರು ಕೇಳುತ್ತಾನೆ, ಮನೆಯವರ ಹೆಸರು ಹೇಳುತ್ತಾನೆ. ತೊಲೆ ಎತ್ತುತ್ತಾರೆ, ಸುತ್ತಲಿನವರು ಚಪ್ಪಾಳೆ ತಟ್ಟುತ್ತಾರೆ, ಸ್ವಲ್ಪ ಹೊತ್ತಿನಲ್ಲೇ ಅವನ ಹೃದಯ ನಿಲ್ಲಬಹುದು. ಜಜ್ಜಿಹೋದ ಸ್ನಾಯುಗಳಲ್ಲಿ ಸೇರಿಕೊಂಡಿದ್ದ ಪೊಟ್ಯಾಸಿಯಂ ಒತ್ತಡ ತೆಗೆದೊಡನೆ ರಕ್ತಕ್ಕೆ ನುಗ್ಗುತ್ತದೆ. ಜೊತೆಗೆ ಬರುವ ಮಯೋಗ್ಲೋಬಿನ್ ಎಂಬ ಸ್ನಾಯುವಿನ ಪ್ರೋಟೀನು ಮೂತ್ರಪಿಂಡದ ಸೂಕ್ಷ್ಮ ನಾಳಗಳನ್ನು ಕಟ್ಟಿಹಾಕುತ್ತದೆ. ಆದ್ದರಿಂದ ಅವನನ್ನು ಹೊರಗೆ ಎಳೆಯುವ ಮೊದಲೇ, ಕೈಗೆ ಸಿಕ್ಕ ರಕ್ತನಾಳಕ್ಕೆ ಸೂಜಿ ಹಾಕಿ ಸಲೈನ್ ಹರಿಸಲು ಶುರುಮಾಡಬೇಕು. ರಿಂಗರ್ ಲ್ಯಾಕ್ಟೇಟ್ ಬಾಟಲಿ ಸುಲಭವಾಗಿ ಸಿಗುತ್ತದೆಂದು ಅದನ್ನು ಹಾಕುವಂತಿಲ್ಲ, ಏಕೆಂದರೆ ಅದರಲ್ಲೂ ಪೊಟ್ಯಾಸಿಯಂ ಇದೆ. ಅಂದರೆ ಅಗೆಯುವ ತಂಡದ ಪಕ್ಕದಲ್ಲೇ ವೈದ್ಯಕೀಯ ಸಿಬ್ಬಂದಿ ಇರಬೇಕು, ಇಬ್ಬರೂ ಒಬ್ಬರನ್ನೊಬ್ಬರು ಕೇಳಿ ಕೆಲಸ ಮಾಡಬೇಕು. ಬದುಕಿ ಬಂದವನಿಗೆ ಎರಡು ದಿನದಲ್ಲಿ ಡಯಾಲಿಸಿಸ್ ಬೇಕಾಗಬಹುದು; ಒಂದು ಸಲದ ಡಯಾಲಿಸಿಸ್‌ಗೆ ನೂರು ಲೀಟರಿಗೂ ಹೆಚ್ಚು ಶುದ್ಧೀಕರಿಸಿದ ನೀರು, ನಿಲ್ಲದ ವಿದ್ಯುತ್ತು, ನುರಿತ ತಂತ್ರಜ್ಞರು ಬೇಕು. ನಲ್ಲಿ ಒಣಗಿ ಕರೆಂಟು ಹೋದ ಊರಿನಲ್ಲಿ ಅದು ಆಗದ ಮಾತು.

1988ರ ಡಿಸೆಂಬರಿನಲ್ಲಿ ಆರ್ಮೇನಿಯಾದ ಸ್ಪಿತಾಕ್‌ನಲ್ಲಿ ಭೂಕಂಪವಾದಾಗ ಈ ಮೂತ್ರಪಿಂಡದ ಸಮಸ್ಯೆ ಎಲ್ಲರನ್ನೂ ದಿಕ್ಕೆಡಿಸಿತು. ಆ ಅನುಭವದಿಂದ ಮೂತ್ರಪಿಂಡ ತಜ್ಞರ ಸಂಘವಾದ ಅಂತರರಾಷ್ಟ್ರೀಯ ನೆಫ್ರಾಲಜಿ ಸೊಸೈಟಿ ಪ್ರತ್ಯೇಕ ಕಾರ್ಯಪಡೆಯನ್ನೇ ಕಟ್ಟಿತು. 1999ರ ಆಗಸ್ಟ್ 17ರಂದು ಟರ್ಕಿಯ ಮರ್ಮರಾ ಪ್ರದೇಶ ನಡುಗಿದಾಗ ಆ ಕಾರ್ಯಪಡೆ ಸ್ಥಳೀಯ ತಜ್ಞರೊಂದಿಗೆ ಸೇರಿ ರೋಗಿಗಳನ್ನು ಹಾನಿಯಾಗದ ನಗರಗಳ ಡಯಾಲಿಸಿಸ್ ಕೇಂದ್ರಗಳಿಗೆ ಹಂಚಿತು. ಮೂತ್ರಪಿಂಡಕ್ಕೆ ಪೆಟ್ಟು ಬಿದ್ದ 639 ಜನರಲ್ಲಿ 477 ಮಂದಿಗೆ ಡಯಾಲಿಸಿಸ್ ಆಯಿತು, ಒಟ್ಟು ರೋಗಿಗಳಲ್ಲಿ ಶೇ. 85ರ ಹತ್ತಿರ ಬದುಕುಳಿದರು. ನಾನು ವಿದ್ಯಾರ್ಥಿಗಳಿಗೆ ಹೇಳುವುದಿಷ್ಟೇ: ಇಲ್ಲಿ ಹೊಸ ಔಷಧಿ ಏನೂ ಬಂದಿರಲಿಲ್ಲ. ಯಾರನ್ನು ಎಲ್ಲಿಗೆ ಕಳಿಸಬೇಕೆಂಬುದು ತಿಳಿದಿತ್ತು.

ಈಗ ಹೊರಗಿನಿಂದ ಬರುವವರ ಮಾತಿಗೆ ಬರೋಣ. ಕಾಠ್ಮಂಡುವಿನ ತ್ರಿಭುವನ್ ನಿಲ್ದಾಣದಲ್ಲಿ ಇರುವುದು ಒಂದೇ ರನ್‌ವೇ. ಅಲ್ಲಿ ಇಳಿಯಲು ರಕ್ಷಣಾ ತಂಡ, ಡೇರೆ, ಆಹಾರ, ಪತ್ರಕರ್ತರು, ವೈದ್ಯರು ಎಲ್ಲರೂ ಸರದಿಯಲ್ಲಿದ್ದರು. ಭಾರದ ವಿಮಾನಗಳಿಂದ ರನ್‌ವೇ ಹಾಳಾಗತೊಡಗಿದಾಗ 196 ಟನ್ನಿಗಿಂತ ಹೆಚ್ಚು ತೂಕದ ವಿಮಾನಗಳನ್ನು ತಡೆಯಬೇಕಾಯಿತು. ನೂರಕ್ಕೂ ಹೆಚ್ಚು ವಿದೇಶಿ ವೈದ್ಯಕೀಯ ತಂಡಗಳು ಬಂದವು. ಅವುಗಳಲ್ಲಿ ನಮ್ಮ ಸೇನೆಯ ಕ್ಷೇತ್ರ ಆಸ್ಪತ್ರೆಗಳಂಥ ಸ್ವಾವಲಂಬಿ ತಂಡಗಳೂ ಇದ್ದವು, ಬೆನ್ನಚೀಲ ಹಾಕಿಕೊಂಡು ಬಂದ ನಾಲ್ಕಾರು ಜನರ ಗುಂಪುಗಳೂ ಇದ್ದವು. ಎರಡನೆಯ ಬಗೆಯವರಿಗೆ ಊಟ, ವಸತಿ, ವಾಹನ, ದುಭಾಷಿ, ಔಷಧಿ ಎಲ್ಲವನ್ನೂ ಸಂತ್ರಸ್ತ ದೇಶವೇ ಒದಗಿಸಬೇಕು. ಮದುವೆ ಮನೆಗೆ ಕೈಬೀಸಿಕೊಂಡು ಬಂದ ನೆಂಟರಂತೆ ಅವರು ಬಡಿಸುವವರ ಸಂಖ್ಯೆಗೆ ಸೇರುವುದಿಲ್ಲ, ಪಂಕ್ತಿಯ ಸಂಖ್ಯೆಗೆ ಸೇರುತ್ತಾರೆ.

ಇದರ ಕಹಿ ಪಾಠ ಸಿಕ್ಕಿದ್ದು 2010ರ ಜನವರಿಯಲ್ಲಿ ಹೈಟಿಯಲ್ಲಿ. ಅಲ್ಲಿ ಆರೋಗ್ಯ ಸಚಿವಾಲಯದ ಕಟ್ಟಡವೂ ವಿಶ್ವಸಂಸ್ಥೆಯ ಸ್ಥಳೀಯ ಕೇಂದ್ರ ಕಚೇರಿಯೂ ಕುಸಿದಿದ್ದರಿಂದ ಯಾರು ಬಂದರು, ಏನು ಮಾಡಿದರು ಎಂದು ಕೇಳುವವರೇ ಇರಲಿಲ್ಲ. ಕೈಕಾಲು ಕತ್ತರಿಸುವ ಶಸ್ತ್ರಚಿಕಿತ್ಸೆಗಳು ದಾಖಲೆಯಿಲ್ಲದೆ ನಡೆದವು, ಕೆಲವನ್ನು ಉಳಿಸಬಹುದಿತ್ತೇ ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ. ಆ ಟೀಕೆಗಳ ನಂತರ ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ವಿದೇಶಿ ತಂಡಗಳಿಗೆ ಮೂರು ದರ್ಜೆಗಳನ್ನು ನಿಗದಿಪಡಿಸಿತು. ಮೊದಲನೆಯದು ಹೊರರೋಗಿಗಳನ್ನಷ್ಟೇ ನೋಡುವ ತಂಡ. ಎರಡನೆಯದು ಕನಿಷ್ಠ 20 ಹಾಸಿಗೆಗಳೊಂದಿಗೆ ದಿನಕ್ಕೆ ಏಳು ದೊಡ್ಡ ಶಸ್ತ್ರಚಿಕಿತ್ಸೆ ಮಾಡಬಲ್ಲದ್ದು. ಮೂರನೆಯದು ತೀವ್ರ ನಿಗಾ ಘಟಕವೂ ಇರುವ, ಬೇರೆಯವರು ರೋಗಿಗಳನ್ನು ಕಳಿಸಬಹುದಾದಂಥದ್ದು. ನೇಪಾಳದಲ್ಲಿ ಬಂದಿಳಿದ ತಂಡಗಳನ್ನು ಈ ದರ್ಜೆಗಳ ಪ್ರಕಾರ ನೋಂದಾಯಿಸಿಕೊಂಡು ಜಿಲ್ಲೆಗಳಿಗೆ ಹಂಚುವ ಪ್ರಯತ್ನ ನಡೆಯಿತು. ಅದು ಸಂಪೂರ್ಣ ಯಶಸ್ವಿಯಾಯಿತೆಂದು ನಾನು ಹೇಳಲಾರೆ, ಆದರೆ ಹೈಟಿಗೆ ಹೋಲಿಸಿದರೆ ಅಲ್ಲಿ ಮನೆಯ ಯಜಮಾನ ಯಾರೆಂಬುದು ಬಂದವರಿಗೆ ಗೊತ್ತಿತ್ತು.

ಔಷಧಿ ಕಟ್ಟಿಕೊಂಡು ಹೋಗುವವರಿಗೂ ಒಂದು ಮಾತು. ಸ್ಪಿತಾಕ್‌ಗೆ ಬಂದ ಔಷಧಿ ಮತ್ತು ವೈದ್ಯಕೀಯ ಸಾಮಗ್ರಿ ಸುಮಾರು 5,000 ಟನ್. ಏನೇನು ಬಂದಿದೆ ಎಂದು ಅರಿಯುವುದಕ್ಕೇ 50 ಜನಕ್ಕೆ ಆರು ತಿಂಗಳು ಹಿಡಿಯಿತು. ಅದರಲ್ಲಿ ಅವಧಿ ಮುಗಿದದ್ದಿತ್ತು, ಚಳಿಗೆ ಹೆಪ್ಪುಗಟ್ಟಿ ಹಾಳಾದದ್ದಿತ್ತು, ಅಲ್ಲಿ ಯಾರಿಗೂ ಓದಲು ಬಾರದ ಭಾಷೆಯ ಚೀಟಿ ಅಂಟಿಸಿದ್ದಿತ್ತು. ಕೇಳದೆ ಕಳಿಸಿದ ಔಷಧಿ ಗೋದಾಮಿಗೆ ಭಾರ.

ಮೊದಲ ವಾರ ಕಳೆದ ಮೇಲೆ ಸಮನ್ವಯದ ಕೆಲಸ ಕಡಿಮೆಯಾಗುವುದಿಲ್ಲ, ಅದರ ದಿಕ್ಕು ಬದಲಾಗುತ್ತದೆ. ನೇಪಾಳದ ಸಂತ್ರಸ್ತ ಜಿಲ್ಲೆಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಗರ್ಭಿಣಿಯರಿದ್ದರು. ಹೆರಿಗೆ ಭೂಕಂಪಕ್ಕೆ ಕಾಯುವುದಿಲ್ಲ. ಮಧುಮೇಹಿಗಳಿಗೆ ಇನ್ಸುಲಿನ್, ಕ್ಷಯರೋಗಿಗಳಿಗೆ ಮಾತ್ರೆ ತಪ್ಪುವಂತಿರಲಿಲ್ಲ. ಹಳ್ಳಿಹಳ್ಳಿಗೂ ಗೊತ್ತಿರುವ 50,000ಕ್ಕೂ ಹೆಚ್ಚು ಮಹಿಳಾ ಆರೋಗ್ಯ ಸ್ವಯಂಸೇವಕಿಯರ ಜಾಲ ನೇಪಾಳಕ್ಕಿತ್ತು. ನಮ್ಮ ಆಶಾ ಕಾರ್ಯಕರ್ತೆಯರನ್ನು ಬಲ್ಲವರಿಗೆ ಅದರ ಬೆಲೆ ವಿವರಿಸಬೇಕಿಲ್ಲ. ಯಾವ ಮನೆಯಲ್ಲಿ ಬಾಣಂತಿ ಇದ್ದಾಳೆ ಎಂಬುದು ಹೊರಗಿನ ತಂಡಕ್ಕೆ ತಿಳಿಯುವುದಾದರೂ ಹೇಗೆ? ಮೇ 12ರಂದು 7.3 ತೀವ್ರತೆಯ ಇನ್ನೊಂದು ಕಂಪನವಾದಾಗ ಸಿಂಧುಪಾಲ್‌ಚೋಕ್ ಜಿಲ್ಲೆಯ ಕೇಂದ್ರವಾದ ಚೌತಾರಾದಲ್ಲಿ ರೆಡ್‌ಕ್ರಾಸ್‌ನ ಕ್ಷೇತ್ರ ಆಸ್ಪತ್ರೆ ನಡೆಯುತ್ತಿತ್ತು. ಮೊದಲ ಭೂಕಂಪದ ಗಾಯಾಳುಗಳು ಕಡಿಮೆಯಾದರೆಂದು ಅದನ್ನು ಅವಸರದಲ್ಲಿ ಮುಚ್ಚಿದ್ದರೆ ಆ ದಿನದ ಗಾಯಾಳುಗಳ ಪಾಡು ಏನಾಗುತ್ತಿತ್ತು ಎಂದು ಯೋಚಿಸಿ. ಮುಂಗಾರು ಬರುವ ಮುನ್ನ ಬೆಟ್ಟದ ಊರುಗಳಿಗೆ ಡೇರೆಯ ಆರೋಗ್ಯ ಕೇಂದ್ರಗಳನ್ನು ಮುಟ್ಟಿಸುವುದು ಮುಂದಿನ ಓಟವಾಯಿತು. ಹೆಣಗಳಿಂದ ಸಾಂಕ್ರಾಮಿಕ ಹರಡುತ್ತದೆಂಬ ಗಾಬರಿ ಎಲ್ಲ ಕಡೆಯೂ ಏಳುತ್ತದೆ. ಗಾಯದಿಂದ ಸತ್ತವರ ದೇಹಗಳಿಂದ ಅಂಥ ರೋಗ ಹಬ್ಬುವುದಿಲ್ಲ, ಕೆಟ್ಟ ನೀರಿನಿಂದ, ಶೌಚಾಲಯವಿಲ್ಲದ ಶಿಬಿರಗಳಿಂದ ಹಬ್ಬುತ್ತದೆ.

ಮನಸ್ಸಿನ ಗಾಯವನ್ನೂ ಇದೇ ಲೆಕ್ಕದಲ್ಲಿ ಹಿಡಿಯಬೇಕು. ಗುಜರಾತ್ ಭೂಕಂಪದ ನಂತರ ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಆ ಕೆಲಸದಲ್ಲಿ ಕೈಜೋಡಿಸಿತು. ಹೊರಗಿನ ತಜ್ಞರು ಹೋಗಿ ಮಾತಾಡಿ ಬರುವುದಕ್ಕಿಂತ ಅಲ್ಲಿಯವರಿಗೇ ತರಬೇತಿ ಕೊಡುವ ದಾರಿ ಹೆಚ್ಚು ಬಾಳಿಕೆಯದ್ದು ಎಂಬುದು ನನ್ನ ಅಭಿಪ್ರಾಯ.

ಹಾಗಾದರೆ ಹೋಗಲೇಬಾರದೇ? ನಿಮ್ಮ ರಾಜ್ಯದ ಆರೋಗ್ಯ ಇಲಾಖೆಯಲ್ಲೋ, ರೆಡ್‌ಕ್ರಾಸ್‌ನಂಥ ಸಂಸ್ಥೆಯಲ್ಲೋ ಮೊದಲೇ ಹೆಸರು ನೋಂದಾಯಿಸಿ, ತರಬೇತಿ ಪಡೆದು, ಕರೆ ಬಂದಾಗ ತಂಡದೊಂದಿಗೆ ಹೊರಡಿ. ಮತ್ತು ಮೊದಲ ವಾರಕ್ಕಾಗಿ ಪಟ್ಟು ಹಿಡಿಯಬೇಡಿ. ಮುರಿದ ಕಾಲಿಗೆ ಹೊರಗಿನಿಂದ ಉಕ್ಕಿನ ಚೌಕಟ್ಟು ಬಿಗಿಸಿಕೊಂಡವನು ಬೆಟ್ಟ ಹತ್ತಿ ಊರಿಗೆ ಹೋಗಿರುತ್ತಾನೆ. ಬಿಗಿದ ತಂಡ ಹದಿನೈದು ದಿನಕ್ಕೆ ವಿಮಾನ ಹತ್ತಿರುತ್ತದೆ. ಎರಡು ತಿಂಗಳಿಗೆ ಅದನ್ನು ತೆಗೆಯುವವರು ಯಾರು, ಅವನ ಕೈಯಲ್ಲಿ ಶಸ್ತ್ರಚಿಕಿತ್ಸೆಯ ವಿವರ ಬರೆದ ಒಂದು ಕಾಗದವಾದರೂ ಇದೆಯೇ? ಕಾಠ್ಮಂಡುವಿನ ಪೂರ್ವಕ್ಕಿರುವ ಸಾಂಗಾದ ಬೆನ್ನುಹುರಿ ಪುನರ್ವಸತಿ ಕೇಂದ್ರ ಆ ವರ್ಷ ತನ್ನ ಹಾಸಿಗೆಗಳಿಗೆ ಮೀರಿದಷ್ಟು ರೋಗಿಗಳನ್ನು ತಿಂಗಳುಗಟ್ಟಲೆ ಇಟ್ಟುಕೊಂಡಿತು. ಅಲ್ಲಿ ಬೇಕಾಗಿದ್ದವರು ಫಿಸಿಯೋಥೆರಪಿಸ್ಟರು, ದಾದಿಯರು, ಒತ್ತಡದ ಹುಣ್ಣುಗಳನ್ನು ಬೇಸರವಿಲ್ಲದೆ ದಿನವೂ ತೊಳೆಯುವವರು. ಆದ್ದರಿಂದ ನನ್ನಲ್ಲಿ ಕೇಳಲು ಬರುವ ಕಿರಿಯ ವೈದ್ಯರಿಗೆ ನಾನು ತಿರುಗಿ ಕೇಳುವುದು ಇದನ್ನೇ: ಕ್ಯಾಮೆರಾಗಳು ಹಿಂದಿರುಗಿದ ಮೇಲೆ, ಮೂರನೆಯ ತಿಂಗಳಿಗೆ, ಆರು ವಾರ ರಜೆ ಹಾಕಿ ಹೋಗಲು ನಿಮಗೆ ಸಾಧ್ಯವೇ?