ಒಗ್ಗರಣೆಯ ಹೊಗೆಯೂ ಊರಿನ ಅಗ್ನಿಶಾಮಕ ದಳವೂ

ನ್ಯೂಜೆರ್ಸಿಯ ಸಣ್ಣ ಊರುಗಳಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಅನೇಕರಿಗೆ, ತಮ್ಮ ಬೀದಿಯಲ್ಲಿ ಸೈರನ್ ಹಾಕಿಕೊಂಡು ಹೋಗುವ ಕೆಂಪು ವಾಹನದೊಳಗಿನವರು ಸಂಬಳದ ನೌಕರರಲ್ಲ ಎಂಬುದು ಬಂದು ವರ್ಷಗಳಾದರೂ ತಿಳಿದಿರುವುದಿಲ್ಲ. ಕರ್ನಾಟಕದಲ್ಲಿ ಅಗ್ನಿಶಾಮಕ ದಳವೆಂದರೆ ರಾಜ್ಯ ಸರ್ಕಾರದ ಇಲಾಖೆ; ಇಲ್ಲಿನ ಸಣ್ಣ ಊರುಗಳಲ್ಲಿ ಅದು ಬಹುಮಟ್ಟಿಗೆ ಊರಿನವರೇ ಸೇರಿ ನಡೆಸುವ ಸಂಘ. ಇಡೀ ಅಮೆರಿಕವನ್ನು ಲೆಕ್ಕಕ್ಕೆ ತೆಗೆದುಕೊಂಡರೂ ಅಗ್ನಿಶಾಮಕರಲ್ಲಿ ಸುಮಾರು ಮೂರನೇ ಎರಡರಷ್ಟು ಮಂದಿ ಸ್ವಯಂಸೇವಕರೇ. ಬೆಂಜಮಿನ್ ಫ್ರಾಂಕ್ಲಿನ್ 1736ರಲ್ಲಿ ಫಿಲಡೆಲ್ಫಿಯಾದಲ್ಲಿ ಯೂನಿಯನ್ ಫೈರ್ ಕಂಪನಿಯನ್ನು ಆರಂಭಿಸಿದಾಗ, ಸದಸ್ಯರು ತಮ್ಮದೇ ಚರ್ಮದ ಬಕೆಟ್ಟುಗಳನ್ನೂ, ಉರಿಯುವ ಮನೆಯಿಂದ ಸಾಮಾನು ಸಾಗಿಸಲು ಬಟ್ಟೆಯ ಚೀಲಗಳನ್ನೂ ಸದಾ ಸಿದ್ಧವಾಗಿಟ್ಟಿರಬೇಕಿತ್ತು. ಆ ವ್ಯವಸ್ಥೆಯ ಮುಂದುವರಿಕೆಯೇ ನಮ್ಮ ಊರಿನ ಠಾಣೆ ಎನ್ನಬಹುದು. ಪಕ್ಕದ ಮನೆಯ ಪ್ಲಂಬರ್ ಒಬ್ಬರು ಕರೆದೊಯ್ದ ಕಾರಣಕ್ಕೆ ನಾನೂ ಅದರ ಸದಸ್ಯನಾದೆ.

ಅರ್ಜಿ, ಪೊಲೀಸ್ ಹಿನ್ನೆಲೆ ಪರಿಶೀಲನೆ, ವೈದ್ಯಕೀಯ ತಪಾಸಣೆ ಇವೆಲ್ಲ ಬೇಗ ಮುಗಿಯುತ್ತವೆ. ನಿಜವಾಗಿ ಸಮಯ ಬೇಡುವುದು ‘ಫೈರ್‌ಫೈಟರ್ ಒನ್’ ಎಂಬ ತರಬೇತಿ. ತಿಂಗಳುಗಟ್ಟಲೆ ಸಂಜೆಗಳೂ ವಾರಾಂತ್ಯಗಳೂ ಅದಕ್ಕೆ ಮೀಸಲು. ದಪ್ಪ ಕೋಟು, ಪ್ಯಾಂಟು, ಬೂಟು, ಹೆಲ್ಮೆಟ್‌ಗಳ ಮೇಲೆ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡರೆ ಮೈಮೇಲೆ 20 ಕಿಲೋಗೂ ಹೆಚ್ಚಿನ ಭಾರ ಬೀಳುತ್ತದೆ. ಆ ಭಾರದೊಂದಿಗೆ, ಮುಖವಾಡದ ಗಾಜಿಗೆ ಕಪ್ಪು ಹಾಳೆ ಅಂಟಿಸಿಕೊಂಡು, ನೆಲದ ಮೇಲೆ ಅಂಬೆಗಾಲಿಡುತ್ತಾ, ಒಂದು ಕೈಯಲ್ಲಿ ಗೋಡೆಯನ್ನು ತಡವುತ್ತಾ ಕೋಣೆಯೊಳಗಿನ ಬೊಂಬೆಯನ್ನು ಹುಡುಕಿ ಹೊರಗೆ ಎಳೆದು ತರಬೇಕು. ಆಗ ಕೇಳಿಸುವುದು ನಮ್ಮದೇ ಉಸಿರಿನ ಸದ್ದು. ಉಸಿರು ಜೋರಾದಷ್ಟೂ ಸಿಲಿಂಡರ್ ಬೇಗ ಖಾಲಿಯಾಗುತ್ತದೆ ಎಂಬುದು ಗೊತ್ತಿದ್ದರೂ ಉಸಿರನ್ನು ತಗ್ಗಿಸುವುದು ಸುಲಭವಲ್ಲ. ಪ್ರಾಣಾಯಾಮ ಕಲಿತವರಿಗೆ ಇಲ್ಲಿ ಸ್ವಲ್ಪ ಅನುಕೂಲವಿದೆಯೆಂದು ನನ್ನ ಅನುಮಾನ. ಗಾಳಿ ಮೂರನೇ ಒಂದರಷ್ಟು ಉಳಿದಾಗ ಎಚ್ಚರಿಕೆಯ ಗಂಟೆ ಬಡಿಯುತ್ತದೆ. ಆ ವೇಳೆಗೆ ನಾವು ಬಾಗಿಲ ಹೊರಗಿರಬೇಕೆಂದು ತರಬೇತುದಾರರು ಪಟ್ಟುಹಿಡಿದು ಹೇಳುತ್ತಾರೆ. ಉರಿಯುವ ಮನೆಯೊಳಗೆ ಇಬ್ಬರು ಹೋದರೆ, ಅವರನ್ನು ಕಾಪಾಡಲು ಸಜ್ಜಾದ ಇನ್ನಿಬ್ಬರು ಹೊರಗೆ ನಿಂತಿರಬೇಕೆಂಬ ನಿಯಮವನ್ನೂ ಮೊದಲ ವಾರಗಳಲ್ಲೇ ಮನದಟ್ಟು ಮಾಡಿಸುತ್ತಾರೆ. ಒಳಗೆ ಸಿಲುಕಿದವರ ಜೀವ ಅಪಾಯದಲ್ಲಿದ್ದಾಗ ಮಾತ್ರ ಅದಕ್ಕೆ ವಿನಾಯಿತಿ.

ಇಷ್ಟೆಲ್ಲ ಕಲಿತ ಮೇಲೆ ಪೇಜರ್ ಕೂಗಿದಾಗಲೆಲ್ಲ ಬೆಂಕಿಯೇ ಇರುತ್ತದೆ ಎಂದುಕೊಳ್ಳಬಾರದು. ಸುಮ್ಮನೆ ಹೊಡೆದುಕೊಂಡ ಅಲಾರಂ, ಹೆದ್ದಾರಿಯ ಅಪಘಾತ, ಮಳೆಗಾಳಿಗೆ ಹರಿದುಬಿದ್ದ ವಿದ್ಯುತ್ ತಂತಿ, ನೀರು ನುಗ್ಗಿದ ನೆಲಮಾಳಿಗೆ, ಚಳಿಗಾಲದಲ್ಲಿ ಮುಚ್ಚಿದ ಗ್ಯಾರೇಜಿನಲ್ಲಿ ಕಾರು ಚಾಲೂ ಬಿಟ್ಟು ಮನೆಯೊಳಗೆ ತುಂಬಿಕೊಂಡ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ, ಹೀಗೆ ಕರೆಗಳ ಬಹುಭಾಗ ಸಾಗುತ್ತದೆ. ರಾತ್ರಿಯ ಕರೆಗಳಿಗೆ ಜನ ಸಿಗುತ್ತಾರೆ. ಕೆಲಸದ ದಿನಗಳ ಹಗಲಿನಲ್ಲಿ ಊರಿನವರೆಲ್ಲ ನ್ಯೂಯಾರ್ಕ್ ಕಡೆಯ ರೈಲು ಹತ್ತಿರುತ್ತಾರಾದ್ದರಿಂದ, ಬೆಳಿಗ್ಗೆ ಹನ್ನೊಂದು ಗಂಟೆಗೆ ಇಂಜಿನ್ ಹೊರಡಿಸಲು ನಾಲ್ಕು ಜನ ಕೂಡುವುದೇ ಕಷ್ಟ. ಮನೆಯಿಂದಲೇ ಕೆಲಸ ಮಾಡುವ ಸಾಫ್ಟ್‌ವೇರ್‌ನವರಿಗೆ ಠಾಣೆಯಲ್ಲಿ ಇರುವ ಬೆಲೆ ಈ ಕಾರಣದಿಂದ ಬಂದದ್ದು. ಮ್ಯಾನೇಜರ್‌ಗೆ ಮೊದಲೇ ತಿಳಿಸಿ ಒಪ್ಪಿಗೆ ಪಡೆದಿದ್ದರೆ, ಮೀಟಿಂಗ್ ನಡುವೆ ಎದ್ದು ಹೋಗುವುದು ಅಷ್ಟೇನೂ ಮುಜುಗರದ ಸಂಗತಿಯಲ್ಲ.

ಆದರೆ ಕನ್ನಡಿಗನೊಬ್ಬ ಈ ದಳದಲ್ಲಿ ಇರುವುದರ ಹೆಚ್ಚಿನ ಉಪಯೋಗ ಬೆಂಕಿ ಹತ್ತಿದ ಮೇಲಲ್ಲ, ಹತ್ತುವುದಕ್ಕೆ ಮುಂಚೆ ಎಂಬುದು ನನ್ನ ಅಭಿಪ್ರಾಯ. ಅಮೆರಿಕದಲ್ಲಿ ಮನೆಗಳಿಗೆ ಬೆಂಕಿ ತಗಲುವುದಕ್ಕೆ ಮೊದಲ ಕಾರಣ ಅಡುಗೆ. ನಮ್ಮವರ ಮನೆಗಳಲ್ಲಿ ಒಣಮೆಣಸಿನಕಾಯಿಯ ಒಗ್ಗರಣೆ ಹಾಕಿದರೆ ಸಾಕು, ಹೊಗೆಯ ಅಲಾರಂ ಕಿರುಚುತ್ತದೆ. ಪರಿಣಾಮವಾಗಿ, ಬ್ಯಾಟರಿ ಕಿತ್ತಿಟ್ಟ, ಇಲ್ಲವೇ ಸ್ನಾನದ ಪ್ಲಾಸ್ಟಿಕ್ ಟೋಪಿ ಹೊದಿಸಿದ ಅಲಾರಂಗಳು ಮನೆಮನೆಯಲ್ಲೂ ಕಾಣಸಿಗುತ್ತವೆ. ಊರಿನಿಂದ ಬಂದಿದ್ದ ಒಬ್ಬ ತಾಯಿಯವರು, “ಅದು ಬಡ್ಕೊಂಡ್ರೆ ಮಗು ಎದ್ದುಬಿಡತ್ತೆ ಕಣಪ್ಪಾ, ಅದಕ್ಕೇ ತೆಗೆದು ಡ್ರಾಯರಿನಲ್ಲಿ ಹಾಕಿದೀನಿ” ಎಂದರು. ಹಾಗೆ ಮಾಡಬಾರದೆಂದು ಠಾಣೆಯ ಇತರ ಸದಸ್ಯರು ಹೋಗಿ ಹೇಳಿದರೆ ಉಪದೇಶವಾಗುತ್ತದೆ. ನಾನು ಅವರ ಅಡುಗೆಮನೆಯಲ್ಲೇ ಕಾಫಿ ಕುಡಿಯುತ್ತಾ ಹೇಳಿದರೆ ಮಾತುಕತೆಯಾಗುತ್ತದೆ. ಅಲಾರಂ ಒಲೆಯಿಂದ ಕನಿಷ್ಠ 10 ಅಡಿ ದೂರದಲ್ಲಿರಲಿ. ಅಡುಗೆಮನೆಗೆ ಹತ್ತಿರದ ಜಾಗಕ್ಕೆ ಬೆಳಕಿನ ಕಿರಣದಿಂದ ಹೊಗೆಯನ್ನು ಗುರುತಿಸುವ ಫೋಟೋಎಲೆಕ್ಟ್ರಿಕ್ ಬಗೆಯದನ್ನು ಹಾಕಿಸಿದರೆ ಒಗ್ಗರಣೆಗೆ ಕಿರುಚುವುದು ಕಡಿಮೆಯಾಗುತ್ತದೆ. ಹಿಂಬದಿಯಲ್ಲಿ ಮುದ್ರಿಸಿರುವ ತಯಾರಿಕೆಯ ದಿನಾಂಕಕ್ಕೆ 10 ವರ್ಷ ತುಂಬಿದ್ದರೆ ಇಡೀ ಅಲಾರಂ ಬದಲಿಸಬೇಕು. ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಸುರಿಯಲೇಬಾರದು, ಬಾಣಲೆಯನ್ನು ಎತ್ತಿಕೊಂಡು ಹೊರಗೆ ಓಡಲೂಬಾರದು. ಒಲೆ ಆರಿಸಿ, ಬಾಣಲೆಯ ಮೇಲೆ ಮುಚ್ಚಳ ಮುಚ್ಚಿ, ತಣ್ಣಗಾಗುವವರೆಗೆ ತೆರೆಯದೆ ಬಿಡಬೇಕು. ಗೃಹಪ್ರವೇಶಕ್ಕೆ ಹೋಮ ಇಟ್ಟುಕೊಂಡವರು, ತಮ್ಮ ಅಲಾರಂ ಭದ್ರತಾ ಕಂಪನಿಗೆ ಜೋಡಣೆಯಾಗಿದ್ದರೆ, ಅವರಿಗೆ ಮೊದಲೇ ಫೋನ್ ಮಾಡಿ ತಿಳಿಸಬೇಕು. ಇಲ್ಲದಿದ್ದರೆ ಪೂರ್ಣಾಹುತಿಯ ಹೊತ್ತಿಗೆ ನಾವು ಬಾಗಿಲಲ್ಲಿ ಹಾಜರಿರುತ್ತೇವೆ.

ಏಣಿ ಹತ್ತುವುದು, ಹೋಸ್ ಎಳೆಯುವುದು ತಮ್ಮಿಂದಾಗದು ಎನ್ನುವವರಿಗೂ ಕೆಲಸವಿದೆ. ಅಪಘಾತದ ಜಾಗದಲ್ಲಿ ವಾಹನಗಳನ್ನು ಬೇರೆ ದಾರಿಗೆ ತಿರುಗಿಸುವ ‘ಫೈರ್ ಪೊಲೀಸ್’ ಎಂಬ ವಿಭಾಗವಿದೆ. ಹಣ ಕೂಡಿಸಲು ನಡೆಸುವ ಪ್ಯಾನ್‌ಕೇಕ್ ಉಪಾಹಾರಕ್ಕೆ ಕೈಗಳು ಬೇಕು. ಲೆಕ್ಕಪತ್ರ ಇಡುವವರು ಬೇಕು. ಉಪಕರಣಗಳಿಗಾಗಿ ಅಮೆರಿಕದ ಕೇಂದ್ರ ಸರ್ಕಾರದ ವಿಪತ್ತು ನಿರ್ವಹಣಾ ಸಂಸ್ಥೆ ಫೆಮಾ ನೀಡುವ ಅನುದಾನದ ಅರ್ಜಿ ತುಂಬುವುದಂತೂ ಠಾಣೆಯಲ್ಲಿ ಯಾರಿಗೂ ಬೇಡವಾದ ಕೆಲಸ. ಸ್ಪ್ರೆಡ್‌ಶೀಟ್‌ಗಳಲ್ಲೇ ದಿನ ಕಳೆಯುವ ನಮ್ಮವರು ಅದನ್ನು ವಹಿಸಿಕೊಳ್ಳುತ್ತೇವೆಂದರೆ ಯಾವ ಚೀಫ್ ಕೂಡ ಬೇಡ ಎನ್ನಲಾರರು. ವಿಚಾರಿಸಬೇಕೆನ್ನುವವರು ತಮ್ಮ ಊರಿನ ಠಾಣೆಗೆ ಡ್ರಿಲ್ (ಅಭ್ಯಾಸ) ನಡೆಯುವ ಸಂಜೆ ಹೋಗುವುದು ಒಳ್ಳೆಯದು. ಉಳಿದ ಹೊತ್ತಿನಲ್ಲಿ ಅಲ್ಲಿ ಬಾಗಿಲು ತೆರೆಯಲು ಸಹ ಯಾರೂ ಇರದಿರುವುದೇ ಹೆಚ್ಚು.